ಪೂರಾ ಒಂದು ನಿಮಿಷ

ಇಂಟರ್ನಲ್ಸ್ ಪಟ್ಟಿ ಅಂಟಿಸಿದ್ದಾರೆ, ನೀರಿನ ಫಿಲ್ಟರಿನ ಪಕ್ಕ.
ಫಾರ್ಮಕಾಲಜಿ: ನನಗೆ ಮೂವತ್ತೆಂಟು.
ಏಪ್ರನ್ನಿನ ಅಂಚು ಬಿಚ್ಚಿ, ಒಳಮಡಿಕೆಯಲ್ಲಿ
ಡಿಗಾಕ್ಸಿನ್ನಿನ ಇಡೀ ಪಾಠ ಇಟ್ಟು ಹೊಲಿದುಕೊಂಡು ಬಂದಿದ್ದ
ಮೋನಿಷಾಗೆ ಅರವತ್ತೊಂಬತ್ತು.
ಹೊಲಿಗೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು.
ಗುಂಡಿ ಹಾಕಲೂ ಬಾರದು ನನಗೆ ಅಷ್ಟು ನೀಟಾಗಿ.

"ಬಂದ್ಲಪ್ಪ ನಮ್ಮ ಮಡಿಯಮ್ಮ" ಅನ್ನುತ್ತಾರೆ ಮೆಸ್ಸಿನಲ್ಲಿ,
ನಗುತ್ತಲೇ ಸರಿದು ಜಾಗ ಬಿಡುತ್ತಾರೆ.
ಕೆಟ್ಟವರಲ್ಲ. ಮೊನ್ನೆ ಜ್ವರ ಬಂದಾಗ
ಗಂಜಿ ಕಾಯಿಸಿ ತಂದವಳೂ ಮೋನಿಷಾನೇ.
ಕಷ್ಟ ಅದೇ.
ಕೆಟ್ಟವರಾಗಿದ್ದರೆ ಬರೀ ಕೋಪದ ಮೇಲೆ
ಇನ್ನೆರಡು ವರ್ಷ ಓಡಿಸಿಬಿಡುತ್ತಿದ್ದೆ,
ಎಣ್ಣೆ ಕೇಳದ ದೀಪದ ಹಾಗೆ.

ಅಪ್ಪನಿಗೆ ಫೋನು ಮಾಡಿದೆ.
ಮಂಡ್ಯ–ಮಳವಳ್ಳಿ ರೂಟಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರು.
ಟಿಕೆಟ್ ಹರಿಯದೆ ಕಾಸು ಜೇಬಿಗಿಳಿಸಿದವರ ಮನೆಗೆ
ಮಹಡಿ ಬಂತು, ಮಹಡಿಯ ಮೇಲೊಂದು ಮಹಡಿ ಬಂತು.
ನಮ್ಮನೆಗೆ ಬಂದದ್ದು ಸೋರುವ ಶೀಟಿನ ಮೇಲೆ ಇನ್ನೊಂದು ಶೀಟು.
ಏನೋ ದೊಡ್ಡ ಮಾತು ಹೇಳುತ್ತಾನೆಂದು ಕಾದೆ.
"ಚೆಕಿಂಗ್‌ನೋರು ಹತ್ತಿದ್ರೆ ಉಳ್ದೋರ್ಗೆ ಬೆವರು ಕಣವ್ವ,
ನಂಗೆ ಆಕಳಿಕೆ" ಅಂದ.
ಆಮೇಲೆ, ಉಂಡೇನವ್ವ, ಅಂತ ಕೇಳಿದ.

ಆಕಳಿಕೆ ನೆಚ್ಚಿಕೊಂಡು ಎಷ್ಟು ದಿನ?

ದೊಡ್ಡಾಸ್ಪತ್ರೆ. ಗಂಡಸರ ವಾರ್ಡು. ರಾತ್ರಿ ಪಾಳಿ.
ಹನ್ನೊಂದನೇ ಮಂಚ, ಸಣ್ಣಜವರಯ್ಯ.
ಚಾರ್ಟಿನಲ್ಲಿ ನಾಡಿ: ಎಪ್ಪತ್ತಾರು. ಎಪ್ಪತ್ತಾರು. ಎಪ್ಪತ್ತಾರು.
ಮೂರು ಪಾಳಿ, ಮೂರು ಕೈಬರಹ.
ಮೇಲಿನದು ನೋಡಿ ಕೆಳಗೆ ಬರೆದದ್ದು.
ಪರೀಕ್ಷೆ ಮುಗಿದಿಲ್ಲ, ಹಾಲ್ ಬದಲಾಗಿದೆ ಅಷ್ಟೆ.

ನನ್ನದೂ ಹೇಳಿಬಿಡುತ್ತೇನೆ.
ಹೋದ ತಿಂಗಳು ಒಂದು ಬೆಳಗಿನ ಜಾವ
ಆರು ಮಂಚಕ್ಕೆ ಉಸಿರು "ಹದಿನೆಂಟು" ಅಂತ ಬರೆದಿದ್ದೆ,
ಒಬ್ಬರ ಎದೆಯನ್ನೂ ನೋಡದೆ. ಕಾಲು ನೋಯುತ್ತಿತ್ತು.
ಯಾರಿಗೂ ಏನೂ ಆಗಲಿಲ್ಲ.
ಆದರೆ ಆ ಆರು ಮುಖ ನೆನಪಿಗೆ ಬರುವುದಿಲ್ಲ ಈಗ,
ಹದಿನೆಂಟು ಮಾತ್ರ ಬರುತ್ತದೆ.

ಮಾತ್ರೆ ಟ್ರೇಯಲ್ಲಿತ್ತು, ಅದೇ ಡಿಗಾಕ್ಸಿನ್, ತೊಗರಿಬೇಳೆಯಷ್ಟು.
ತಾತನ ಮಣಿಕಟ್ಟಿನ ತುಂಬ
ಆಲೆಮನೆಯ ಪಾಕ ಸಿಡಿದ ಹಳೆಯ ಕಲೆ;
ನಾಡಿ ಬೆರಳಿಗೆ ಸಿಕ್ಕಿ ಜಾರಿತು.
ಎದೆಗೆ ಸ್ಟೆತಸ್ಕೋಪಿಟ್ಟು ಅಪ್ಪನ ವಾಚು ನೋಡಿದೆ.
ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಆಗದು,
ಈ ಮಾತ್ರೆಗೆ ಪೂರಾ ಒಂದು ನಿಮಿಷ.
(ಮೂವತ್ತೆಂಟರಲ್ಲಿ ಎರಡು ಮಾರ್ಕ್ಸು ಇದಕ್ಕೇ ಸಿಕ್ಕಿದ್ದು.)
ಹೊರಗೆ ಕಬ್ಬಿನ ಲಾರಿ ಹೋಗಿ ಲೆಕ್ಕ ತಪ್ಪಿತು.
ಮತ್ತೆ ಒಂದರಿಂದ.
"ಏನವ್ವ ಆಗ್ಲಿಂದ ಎಣುಸ್ತಿದ್ದೀಯಲ್ಲ, ದುಡ್ಡಾ?"
"ಮಾತಾಡ್ಬೇಡಿ ತಾತ, ತಪ್ಪೋಯ್ತದೆ."

ಐವತ್ತೆರಡು.

ಸಿಸ್ಟರು ಚಾರ್ಟು ನೋಡಿದರು, ನನ್ನನ್ನು ನೋಡಿದರು.
"ಎಲ್ಲರಿಗೂ ಎಪ್ಪತ್ತಾರು, ನಿನಗೊಬ್ಬಳಿಗೆ ಐವತ್ತೆರಡಾ?"
ಎದ್ದು ಬಂದು ತಾವೇ ಎಣಿಸಿದರು. ಆಮೇಲೆ ಮಾತಿಲ್ಲ.
ಡ್ಯೂಟಿ ಡಾಕ್ಟರಿಗೆ ಫೋನು ಹೋಯಿತು, ಮಾತ್ರೆ ಡಬ್ಬಿಗೆ ಹೋಯಿತು.
ಟ್ರೇ ಒರೆಸು ಅಂದರು. ಒರೆಸಿದೆ.

ಬೆಳಿಗ್ಗೆ ಹೊರಡುವಾಗ ನೋಡಿದೆ, ಆ ಸಾಲಿನಲ್ಲಿ
ನನ್ನ ಐವತ್ತೆರಡು ಒಂದೇ ಓರೆಹಲ್ಲು.
ಗೊತ್ತಿಲ್ಲದವರು ನೋಡಿದರೆ
ತಪ್ಪು ಬರೆದವಳು ನಾನೇ ಅನ್ನಬೇಕು.

ಮರುರಾತ್ರಿ ಬಂದಾಗ ಅದರ ಕೆಳಗೆ
ಯಾರೋ ಎಪ್ಪತ್ತೆರಡು ಬರೆದಿದ್ದರು.
ನಿಜವೋ, ಮೇಲಿನವುಗಳ ಜೊತೆ ರಾಜಿಯೋ,
ಎಣಿಸದೆ ನಾನಾದರೂ ಹೇಗೆ ಹೇಳಲಿ?
ಸ್ಟೂಲು ಎಳೆದುಕೊಂಡೆ.

ಸಣ್ಣಜವರಯ್ಯ ಕೇಳದೆಯೇ ಬನಿಯನ್ ಮೇಲೆತ್ತಿ
"ದುಡ್ಡೆಣ್ಸೋಳು ಬಂದ್ಲು ಕಣಪ್ಪ" ಎಂದು ಪಕ್ಕದ ಮಂಚಕ್ಕೆ ಹೇಳಿ
ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು ಮಲಗಿದ.

"ಉಸಿರಾಡಿ ತಾತ" ಅಂದೆ.
ಒಂದು.
ಎರಡು.